ಹಿತ್ತಿಲ ಹೊಗೆ, ನೆರೆಯವರ ಉಸಿರು

ಕಾರ್ತಿಕ ಕಳೆದು ಚಳಿ ಬಲಿತೊಡನೆ ನಮ್ಮ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹೊಗೆಯ ಕಾಲವು ಆರಂಭವಾಗುವುದು. ಹೊಲದಲ್ಲಿ ಗೋವಿನಜೋಳದ ದಂಟು, ಹಿತ್ತಿಲಲ್ಲಿ ಮಾವಿನ ತರಗೆಲೆ, ತೆಂಗಿನ ಗರಿ. ಇವನ್ನು ರಾಶಿ ಮಾಡಿ ಕಡ್ಡಿ ಗೀರಿದರೆ ಕೆಲಸ ತೀರಿತೆಂದು ಗೃಹಸ್ಥನು ತಿಳಿಯುವನು. ಅಂಗಳವೇನೋ ಶುಚಿಯಾಯಿತು. ಆ ಕಸವು ಹೋದುದೆಲ್ಲಿಗೆ?

ಈ ಪ್ರಶ್ನೆಯನ್ನು ನಾನು ಕೇಳಿಕೊಂಡುದು ತಡವಾಗಿ. ಒಂದು ಸಂಜೆ ಹಿತ್ತಿಲ ಕಸಕ್ಕೆ ಬೆಂಕಿಯಿಟ್ಟು, ಮೈತೊಳೆದು, ವಿಭೂತಿ ಧರಿಸಿ ಇಷ್ಟಲಿಂಗಪೂಜೆಗೆ ಕುಳಿತಿದ್ದೆನು. ಗೋಡೆಯಾಚೆ ಬಾಣಂತಿಯ ಕೋಣೆಯಿಂದ ಹಸುಗೂಸಿನ ಕೆಮ್ಮು ಕೇಳಿಬಂದಿತು. ಕಿಟಕಿ ಮುಚ್ಚಿದ ಸಪ್ಪಳವೂ ಕೇಳಿತು. ಯಾರೂ ಆಕ್ಷೇಪಿಸಲಿಲ್ಲ. ಮರುದಿನ ಆ ಮನೆಯ ಹಿರಿಯರು ಎಂದಿನಂತೆ “ಶರಣ್ರಿ ಮಾಸ್ತರ” ಎಂದರು. ಆ ಶರಣಾರ್ಥಿಯು ಬೈಗುಳಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟಿತು. ನೆರೆಯವರ ಮೌನವನ್ನು ನಾವು ಸಮ್ಮತಿಯೆಂದೆಣಿಸುತ್ತೇವೆ. ಅದು ಬಹುಮಟ್ಟಿಗೆ ದಾಕ್ಷಿಣ್ಯ.

ಬಸವಣ್ಣನವರು ಕೋಪವನ್ನು ಮನೆಯೊಳಗಿನ ಕಿಚ್ಚಿಗೆ ಹೋಲಿಸಿ, ಅದು ತನ್ನ ಮನೆಯನ್ನೇ ಸುಡುವುದೆಂದು ಎಚ್ಚರಿಸಿದ್ದಾರೆ. ಹಿತ್ತಿಲ ಬೆಂಕಿಯ ರೀತಿ ಇದಕ್ಕೆ ವಿಪರೀತವಾದುದು. ಹಚ್ಚಿದವನು ಗಾಳಿಗೆ ಎದುರಾಗಿ ಸುಖವಾಗಿರುವನು. ಉರಿಯುವುದು ಅನ್ಯರ ಕಣ್ಣು. ಕೋಪಿಷ್ಠನನ್ನು ತನ್ನ ನೋವೇ ತಿದ್ದಬಹುದು. ಹೊಗೆಯೆಬ್ಬಿಸಿದವನನ್ನು ತಿದ್ದಲು ಅನ್ಯರ ನೋವನ್ನು ತನ್ನದೆಂದರಿಯುವ ದಯೆಯೊಂದೇ ಉಂಟು.

“ನನ್ನ ಹಿತ್ತಿಲು, ನನ್ನ ಕಸ” ಎಂಬವರುಂಟು. ಹಿತ್ತಿಲಿಗೆ ಬೇಲಿಯಿದೆ, ಗಾಳಿಗೆ ಇದೆಯೆ? ಚಳಿಗಾಲದ ಸಂಜೆ ನೆಲದ ಮೇಲಣ ಗಾಳಿ ತಣಿದು ಭಾರವಾಗುವುದರಿಂದ ಹೊಗೆಯು ಮೇಲೇರದೆ ಓಣಿಯಲ್ಲೇ ನಿಲ್ಲುವುದು. ಪ್ಲಾಸ್ಟಿಕ್ ಸೇರಿದರಂತೂ ಅದು ವಿಷವೇ ಸರಿ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, 5,000 ರೂಪಾಯಿಗಳ ದಂಡವನ್ನು ಗೊತ್ತುಪಡಿಸಿತು. ಆದರೆ ದಂಡಕ್ಕಂಜಿ ಬಿಟ್ಟವನು ಕತ್ತಲಲ್ಲಿ ಸುಟ್ಟಾನು. ನೆರೆಯವನಲ್ಲಿ ಶಿವನನ್ನು ಕಂಡವನು ಸುಡಲಾರನು.

ಹಿಂಗಾರಿ ಬಿತ್ತನೆ ಮುಂದೆ ನಿಂತಾಗ ಆಳಿಲ್ಲದ ರೈತನ ಕಷ್ಟ ಸುಳ್ಳಲ್ಲ. ಆದರೂ ಎಲೆ-ದಂಟುಗಳನ್ನು ಕತ್ತರಿಸಿ, ಸಗಣಿ ಬೆರೆಸಿ, ತಿಪ್ಪೆಗುಂಡಿಯಲ್ಲಿ ಹಸಿಯಾಗಿಟ್ಟರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುವುದು. ಸುಟ್ಟರೆ ಅದರ ಸಾರಜನಕವು ಬಹುತೇಕ ಗಾಳಿಯ ಪಾಲು. ಭೂಮಿಯಿತ್ತುದನ್ನು ಭೂಮಿಗೆ ಸಲ್ಲಿಸುವುದೂ ದಾಸೋಹವಲ್ಲವೆ?

ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಗೋಮಯವನ್ನು ದಹಿಸಿ ವಿಭೂತಿಯನ್ನು ಸಿದ್ಧಗೊಳಿಸುವರು. ಅದೂ ಬೆಂಕಿ, ಇದೂ ಬೆಂಕಿ. ಹಣೆಗೆ ಭಸ್ಮವನ್ನು ಧರಿಸಿ ನೆರೆಯವರ ಎದೆಗೆ ಹೊಗೆಯನ್ನು ತುಂಬಿದರೆ, ಆ ಭಸ್ಮಕ್ಕೆ ನಾವು ಯಾವ ಉತ್ತರ ಕೊಟ್ಟೇವು?