ಶಾಲೆಯ ತೆರಿಗೆಯೂ ನ್ಯಾಯವೂ
ತನ್ನೂರ ಶಾಲೆಗೆ ತಾನು ತೆರಿಗೆ ತೆರುವುದು ಸದಾಚಾರವೇ ಸರಿ. ನೆರೆಯೂರ ಮಗುವಿನ ವಿದ್ಯೆ ಅದರಿಂದ ಹೊರಗುಳಿಯುವುದು ನ್ಯಾಯವೇ? ಅಮೆರಿಕದ ಟೆಕ್ಸಾಸಿನಲ್ಲಿ, ಸ್ಯಾನ್ ಆಂಟೋನಿಯೋ ನಗರದ ಎರಡು ಶಾಲಾಜಿಲ್ಲೆಗಳನ್ನು ನೋಡಬಹುದು. 1967-68ರಲ್ಲಿ ಬಡವರ ಎಡ್ಜ್‌ವುಡ್ಡಿನವರು ನೂರು ಡಾಲರು ಬೆಲೆಯ ಆಸ್ತಿಗೆ 1.05 ಡಾಲರು ತೆತ್ತರು. ಸಿರಿವಂತರ ಉಪನಗರವಾದ ಅಲಾಮೋ ಹೈಟ್ಸಿನವರು 85 ಸೆಂಟು ಮಾತ್ರ. ಆದರೂ ಆ ತೆರಿಗೆಯಿಂದ ಮಗುವೊಂದಕ್ಕೆ ದೊರೆತುದು ಮೊದಲಿನವರಲ್ಲಿ 26 ಡಾಲರು, ಎರಡನೆಯವರಲ್ಲಿ 333! ಹೆಚ್ಚು ತೆತ್ತವನಿಗೆ ಅಲ್ಪಫಲವೆಂಬುದನ್ನು ನಮ್ಮ ಸ್ಮೃತಿಕಾರರು ಒಪ್ಪಿಯಾರೆಂದು ನಾನು ನಂಬೆನು. ಸರಕಾರಗಳ ಸಹಾಯಧನ ಸೇರಿದ ಮೇಲೂ 356, 594 ಎಂಬ ಅಂತರ ಉಳಿಯಿತು.

1973ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ನಾಲ್ವರು ವಿರೋಧಿಸಿದರೂ ಐವರ ಮತದಿಂದ, ಈ ಪದ್ಧತಿಯು ಸಂವಿಧಾನವಿರುದ್ಧವಲ್ಲವೆಂದಿತು. ಸ್ಥಳೀಯರ ಸ್ವಾತಂತ್ರ್ಯವೆಂಬ ವಾದಕ್ಕೆ ತೂಕವಿಲ್ಲದಿಲ್ಲ. ಆದರೆ ತೆರಿಗೆ ಹಾಕಲು ತಕ್ಕಷ್ಟು ಆಸ್ತಿಯೇ ಇಲ್ಲದವರು ಆ ಸ್ವಾತಂತ್ರ್ಯವನ್ನು ಕಟ್ಟಿಕೊಂಡು ಎಷ್ಟು ಮಂದಿ ಉಪಾಧ್ಯಾಯರನ್ನು ನೇಮಿಸಿಯಾರು?