ನಿಯಮ ಮುರಿಯದ ಅನ್ಯಾಯ

ಕಾನೂನಿನ ಒಂದಕ್ಷರವನ್ನೂ ಮೀರದೆ ಇನ್ನೊಬ್ಬರಿಗೆ ಅನ್ಯಾಯ ಮಾಡಲು ಸಾಧ್ಯವೇ? ಸಾಧ್ಯವೆಂದಾದರೆ, ಹಾಗೆ ಮಾಡಿದವರನ್ನು ತಪ್ಪಿತಸ್ಥರೆಂದು ಕರೆಯಲು ನಮಗಿರುವ ಆಧಾರವೇನು? ಪ್ರಶ್ನೆ ಹಳೆಯದು. ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಇದರ ಕುರಿತು ದೀರ್ಘ ಚರ್ಚೆಗಳೇ ನಡೆದಿವೆ. ಆದರೆ ಈ ಸಲ ಅದನ್ನು ಒಂದು ಫುಟ್‌ಬಾಲ್ ಮೈದಾನದಲ್ಲಿಟ್ಟು ನೋಡೋಣ. ಆಟದ ಮಾತು ಈ ಪುಟಗಳಿಗೇಕೆ ಎಂದು ಪ್ರಿಯ ಓದುಗರು ಹುಬ್ಬೇರಿಸಬಾರದು. ವಿಶ್ವಕಪ್ ಬಂತೆಂದರೆ ನಮ್ಮ ಮನೆಗಳ ಮಕ್ಕಳು ನಡುರಾತ್ರಿಯವರೆಗೂ ಟಿ.ವಿ.ಯ ಮುಂದೆ ಕುಳಿತಿರುತ್ತಾರೆ. ಗೋಲು ಹೊಡೆಯುವುದನ್ನು ನೋಡುವುದರ ಜೊತೆಗೆ, ಗೆಲ್ಲಲು ಏನನ್ನೆಲ್ಲ ಮಾಡಬಹುದು ಎಂಬುದನ್ನೂ ಅವರು ಅಲ್ಲಿ ಕಲಿಯುತ್ತಾರೆ. ಅವರು ಕಲಿಯುತ್ತಿರುವುದೇನೆಂದು ತಿಳಿಯುವ ಹೊಣೆ ಹಿರಿಯರಾದ ನಮ್ಮದು.

ಮೊದಲು ಗುಂಪು ಹಂತದ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳೋಣ. ನಾಲ್ಕು ತಂಡಗಳದ್ದು ಒಂದು ಗುಂಪು. ಪ್ರತಿ ತಂಡವೂ ಉಳಿದ ಮೂವರೊಡನೆ ಒಮ್ಮೊಮ್ಮೆ ಆಡಬೇಕು. ಗೆದ್ದವರಿಗೆ ಅಂಕಗಳಿವೆ, ಸಮವಾದರೆ ಇಬ್ಬರಿಗೂ ಒಂದೊಂದು ಅಂಕ. 1982ರ ವಿಶ್ವಕಪ್‌ನಲ್ಲಿ ಗೆಲುವಿಗೆ 2 ಅಂಕಗಳಿದ್ದವು, ಮೊದಲ ಎರಡು ಸ್ಥಾನ ಪಡೆದವರು ಮುಂದಿನ ಸುತ್ತಿಗೆ ಹೋಗುತ್ತಿದ್ದರು. ಅಂಕಗಳು ಸಮವಾದರೆ ಹೊಡೆದ ಗೋಲುಗಳಿಗೂ ಬಿಟ್ಟುಕೊಟ್ಟ ಗೋಲುಗಳಿಗೂ ಇರುವ ವ್ಯತ್ಯಾಸವನ್ನು ನೋಡಲಾಗುತ್ತಿತ್ತು. ಈ ಏರ್ಪಾಟಿನಲ್ಲಿ ಒಂದು ಸೂಕ್ಷ್ಮವಿದೆ. ಇಬ್ಬರು ಆಡುವ ಪಂದ್ಯದೊಳಗೆ ಮೂರನೆಯವನೊಬ್ಬನ ಭವಿಷ್ಯ ಅಡಗಿರುತ್ತದೆ. ಅವನು ಮೈದಾನದಲ್ಲಿರುವುದಿಲ್ಲ. ಅವನಿಗೆ ಚೆಂಡನ್ನು ಮುಟ್ಟುವ ಅಧಿಕಾರವಿಲ್ಲ. ಆಡುವ ಇಬ್ಬರೂ ಪ್ರಾಮಾಣಿಕವಾಗಿ ಆಡುತ್ತಾರೆಂಬ ನಂಬಿಕೆಯೊಂದೇ ಅವನ ಆಸರೆ.

1982ರಲ್ಲಿ ಸ್ಪೇನಿನಲ್ಲಿ ನಡೆದ ಆ ವಿಶ್ವಕಪ್‌ನ ಎರಡನೆಯ ಗುಂಪಿನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ, ಚಿಲಿ ಮತ್ತು ಅಲ್ಜೀರಿಯಾ ಇದ್ದವು. ಅಲ್ಜೀರಿಯಾ ಫ್ರೆಂಚರ ಆಳ್ವಿಕೆಯಿಂದ ಬಿಡುಗಡೆ ಹೊಂದಿ ಆಗ ಕೇವಲ ಇಪ್ಪತ್ತು ವರ್ಷಗಳಾಗಿದ್ದವು. ಆ ದೇಶಕ್ಕೆ ಅದು ಮೊತ್ತಮೊದಲ ವಿಶ್ವಕಪ್. ಪಶ್ಚಿಮ ಜರ್ಮನಿಯಾದರೋ ಆಗ ಯುರೋಪಿನ ಚಾಂಪಿಯನ್. ಜೂನ್ 16ರಂದು ಹಿಹೋನ್ ನಗರದಲ್ಲಿ ಇವರಿಬ್ಬರೂ ಎದುರಾದರು. ರಬಾಹ್ ಮಾಜರ್ ಮೊದಲ ಗೋಲು ಹೊಡೆದರು. ರುಮ್ಮೆನಿಗ್ಗೆ ಅದನ್ನು ಸರಿಗಟ್ಟಿದ ಮರುನಿಮಿಷವೇ ಲಖ್ದರ್ ಬೆಲ್ಲೂಮಿ ಎರಡನೆಯ ಗೋಲು ಹೊಡೆದರು. ಅಲ್ಜೀರಿಯಾ 2-1ರಿಂದ ಗೆದ್ದಿತು. ವಿಶ್ವಕಪ್‌ನಲ್ಲಿ ಆಫ್ರಿಕದ ತಂಡವೊಂದು ಯುರೋಪಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು.

ಬಳಿಕ ಅಲ್ಜೀರಿಯಾ ಆಸ್ಟ್ರಿಯಾಕ್ಕೆ 0-2ರಿಂದ ಸೋತಿತು. ಜೂನ್ 24ರಂದು ಚಿಲಿಯನ್ನು 3-2ರಿಂದ ಸೋಲಿಸಿತು. ಅಲ್ಲಿಗೆ ಅದರ ಮೂರೂ ಪಂದ್ಯಗಳು ಮುಗಿದು ಕೈಯಲ್ಲಿ 4 ಅಂಕಗಳಿದ್ದವು. ಮರುದಿನ, ಜೂನ್ 25ರಂದು, ಅದೇ ಹಿಹೋನ್ ನಗರದಲ್ಲಿ ಗುಂಪಿನ ಕೊನೆಯ ಪಂದ್ಯ. ಪಶ್ಚಿಮ ಜರ್ಮನಿಗೂ ಆಸ್ಟ್ರಿಯಾಕ್ಕೂ. ಮೈದಾನಕ್ಕಿಳಿಯುವ ಮೊದಲೇ ಇಬ್ಬರಿಗೂ ಲೆಕ್ಕ ಸ್ಪಷ್ಟವಾಗಿತ್ತು. ಜರ್ಮನಿ ಸೋತರೆ ಅಥವಾ ಪಂದ್ಯ ಸಮವಾದರೆ ಆಸ್ಟ್ರಿಯಾದ ಜೊತೆ ಅಲ್ಜೀರಿಯಾ ಮುಂದೆ ಹೋಗುತ್ತದೆ. ಜರ್ಮನಿ ದೊಡ್ಡ ಅಂತರದಿಂದ ಗೆದ್ದರೆ ಆಸ್ಟ್ರಿಯಾ ಹೊರಬಿದ್ದು ಅಲ್ಜೀರಿಯಾ ಉಳಿಯುತ್ತದೆ. ಆದರೆ ಜರ್ಮನಿ ಒಂದೋ ಎರಡೋ ಗೋಲುಗಳಿಂದ ಗೆದ್ದರೆ ಆಡುವ ಇಬ್ಬರೂ ಪಾರು, ಅಲ್ಜೀರಿಯಾ ಮಾತ್ರ ಹೊರಗೆ.

ಹತ್ತನೆಯ ನಿಮಿಷದ ಹೊತ್ತಿಗೆ ಜರ್ಮನಿಯ ಹ್ರುಬೆಶ್ ಗೋಲು ಹೊಡೆದರು. ಮೊದಲರ್ಧದ ಆಟ ಹೇಗೋ ಸಾಗಿತು. ಅನಂತರ ಆಟವೇ ಸತ್ತುಹೋಯಿತು. ಚೆಂಡು ತಮ್ಮತಮ್ಮಲ್ಲೇ ಹಿಂದಕ್ಕೂ ಅಡ್ಡಕ್ಕೂ ಓಡಾಡುತ್ತಾ, ಗೋಲ್‌ಕೀಪರನ ಕೈಗೆ ಹೋಗುತ್ತಾ ಬರುತ್ತಾ ಕಾಲ ಕಳೆಯಿತು. ಎದುರಾಳಿಯ ಗೋಲಿನತ್ತ ಮನಸ್ಸಿಟ್ಟು ನುಗ್ಗುವವರೇ ಕಾಣಲಿಲ್ಲ. ಪಂದ್ಯ 1-0ರಲ್ಲೇ ಮುಗಿಯಿತು. ಅಲ್ಜೀರಿಯಾದ ಅಭಿಮಾನಿಗಳು ಆಟಗಾರರತ್ತ ನೋಟುಗಳನ್ನು ಬೀಸಿ ತೋರಿಸಿದರು. ಸ್ಪೇನಿನ ಪ್ರೇಕ್ಷಕರೂ ಶಿಳ್ಳೆ ಹಾಕಿ ಧಿಕ್ಕರಿಸಿದರು. ಊರಿನ ಪತ್ರಿಕೆಯೊಂದು ಆ ಪಂದ್ಯದ ವರದಿಯನ್ನು ಅಪರಾಧ ಸುದ್ದಿಗಳ ಪುಟದಲ್ಲಿ ಅಚ್ಚು ಹಾಕಿತು. ಅಲ್ಜೀರಿಯಾ ಫಿಫಾಕ್ಕೆ ದೂರು ಕೊಟ್ಟಿತು. ಯಾವ ನಿಯಮವೂ ಮುರಿದಿರಲಿಲ್ಲವಾದ್ದರಿಂದ ಫಲಿತಾಂಶ ಹಾಗೆಯೇ ಉಳಿಯಿತು. ಮೂವರಿಗೂ ತಲಾ 4 ಅಂಕಗಳಿದ್ದರೂ ಗೋಲುಗಳ ವ್ಯತ್ಯಾಸದಲ್ಲಿ ಅಲ್ಜೀರಿಯಾ ಮನೆಗೆ ಮರಳಬೇಕಾಯಿತು.

ಇಲ್ಲಿ ನಾವು ಆತುರದ ತೀರ್ಪು ನೀಡಬಾರದು. ಆ ಎರಡು ತಂಡಗಳ ಪರವಾಗಿ ಹೇಳಬಹುದಾದುದನ್ನು ಪೂರ್ತಿ ಕೇಳಬೇಕು. ಒಂದು: ಆಟಗಾರನ ಕರ್ತವ್ಯವಿರುವುದು ತನ್ನ ತಂಡಕ್ಕೆ. ತಂಡವನ್ನು ಮುಂದಿನ ಸುತ್ತಿಗೆ ಒಯ್ಯುವುದೇ ಅವನ ಕೆಲಸ. ಎರಡು: ಇಂತಿಷ್ಟು ಸಲ ದಾಳಿ ಮಾಡಲೇಬೇಕೆಂದು ಯಾವ ನಿಯಮಪುಸ್ತಕವೂ ಹೇಳುವುದಿಲ್ಲ. ಮೂರು: ಅಲ್ಜೀರಿಯಾ ಚಿಲಿಯ ಎದುರು ಮೊದಲರ್ಧದಲ್ಲೇ 3-0ರಿಂದ ಮುಂದಿತ್ತು, ಆಮೇಲೆ ಎರಡು ಗೋಲುಗಳನ್ನು ಬಿಟ್ಟುಕೊಟ್ಟಿತು. ಆ ಎರಡನ್ನು ತಡೆದಿದ್ದರೆ ಗೋಲುಗಳ ವ್ಯತ್ಯಾಸ ಆಸ್ಟ್ರಿಯಾಕ್ಕೆ ಸಮನಾಗಿ, ಹೆಚ್ಚು ಗೋಲು ಹೊಡೆದ ಕಾರಣಕ್ಕೆ 1-0ರ ಆ ಫಲಿತಾಂಶದಲ್ಲೂ ಅಲ್ಜೀರಿಯಾವೇ ಮುಂದೆ ಹೋಗುತ್ತಿತ್ತು. ತನ್ನ ಕೈಯಲ್ಲಿದ್ದುದನ್ನು ಕಳೆದುಕೊಂಡವನು ಇತರರನ್ನು ದೂರುವುದು ಸರಿಯೇ?

ಮೂರನೆಯ ಮಾತಿನಿಂದ ಆರಂಭಿಸೋಣ. ಅದು ನಿಜ. ಆದರೆ ಒಬ್ಬನ ಅಜಾಗರೂಕತೆ ಇನ್ನೊಬ್ಬನಿಗೆ ಪರವಾನಗಿಯಾಗುವುದಿಲ್ಲ. ಬಾಗಿಲಿಗೆ ಚಿಲಕ ಹಾಕಲು ಮರೆತವನು ಅಜಾಗರೂಕನೇ. ಹಾಗೆಂದು ಒಳಹೊಕ್ಕವನು ಕಳ್ಳನಲ್ಲವೆಂದು ಯಾರೂ ಹೇಳುವುದಿಲ್ಲ. ಮೊದಲನೆಯ ಮಾತೂ ಅರ್ಧ ಸತ್ಯ. ತನ್ನವರಿಗಾಗಿ ದುಡಿಯುವುದು ಕರ್ತವ್ಯವೆಂಬುದು ಸರಿಯೇ. ಆದರೆ ಆ ದಿನ ಅವರ ಕಾಲಿನ ಬಳಿಯಿದ್ದ ಚೆಂಡಿನ ಜೊತೆ ಅಲ್ಜೀರಿಯಾದ ಪಾಲೂ ಅಮಾನತ್ತಾಗಿ ಇತ್ತು. ಪಂದ್ಯಾಟಕ್ಕೆ ಸೇರಿದ ಪ್ರತಿ ತಂಡವೂ ‘ನಾವು ಆಡುತ್ತೇವೆ’ ಎಂದು ಉಳಿದೆಲ್ಲರಿಗೂ ಮಾತು ಕೊಟ್ಟಂತೆಯೇ. ಆ ಮಾತನ್ನು ಬರೆದಿಡುವ ಅಗತ್ಯವಿಲ್ಲ, ಏಕೆಂದರೆ ಅದಿಲ್ಲದೆ ಪಂದ್ಯಾಟವೇ ಇಲ್ಲ.

ಉಳಿದದ್ದು ಎರಡನೆಯ ವಾದ, ಎಲ್ಲಕ್ಕಿಂತ ಬಲವಾದದ್ದು: ನಿಯಮ ಮುರಿಯಲಿಲ್ಲವಲ್ಲ! ಇದನ್ನು ಕೇಳಿದಾಗ ವಾರದ ಒಂದು ದಿನ ಮೀನು ಹಿಡಿಯಬಾರದೆಂಬ ಆಜ್ಞೆಗೆ ಒಳಪಟ್ಟಿದ್ದ ಆ ಕಡಲತೀರದ ಊರಿನ ನೆನಪಾಗುತ್ತದೆ. ಕುರ್‌ಆನಿನಲ್ಲಿ ಬರುವ ಆ ಜನರ ವೃತ್ತಾಂತ ನಿಮ್ಮ ಮನೆಯ ಮಕ್ಕಳಿಗೂ ಗೊತ್ತು. ನಿಷೇಧದ ದಿನದಂದೇ ಮೀನುಗಳು ದಡದ ಬಳಿ ತುಂಬಿ ಬರುತ್ತಿದ್ದವು. ಅವರು ಹಿಂದಿನ ದಿನವೇ ಬಲೆ ಹಾಸಿಟ್ಟು, ಮರುದಿನ ಹೋಗಿ ಮೀನು ಎತ್ತಿಕೊಂಡರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಆ ದಿನ ಅವರ ಕೈ ನೀರನ್ನೂ ಮುಟ್ಟಿರಲಿಲ್ಲ. ಅಕ್ಷರವನ್ನು ಪಾಲಿಸಿದರು, ಆಜ್ಞೆಯನ್ನು ಕೊಂದರು. ಕರ್ಮವನ್ನು ತೂಗುವ ಮೊದಲು ನಿಯ್ಯತ್ತನ್ನು ನೋಡಬೇಕೆಂದು ಮದ್ರಸದ ಮೊದಲ ಪಾಠದಲ್ಲೇ ನಾವು ಕಲಿಸುವುದು ಇದಕ್ಕಾಗಿಯೇ. ಹಿಹೋನಿನಲ್ಲಿ ಮುಂಚಿತವಾಗಿ ಒಪ್ಪಂದವಾಗಿತ್ತೆಂದು ಯಾರೂ ಸಾಬೀತುಪಡಿಸಲಿಲ್ಲ. ಬಾಯಿ ತೆರೆದು ಮಾತಾಡಬೇಕಾದ ಅಗತ್ಯವೂ ಅಲ್ಲಿರಲಿಲ್ಲ. ಇಬ್ಬರ ಲಾಭವೂ ಒಂದೇ ಆದಾಗ ಕಣ್ಣುಗಳೇ ಕರಾರುಪತ್ರ ಬರೆಯುತ್ತವೆ.

ಆ ಊರಿನಲ್ಲಿ ತಮ್ಮವರನ್ನೇ ತಡೆದು ಎಚ್ಚರಿಸಿದವರೂ ಇದ್ದರೆಂಬುದನ್ನು ಮರೆಯಬಾರದು. ಹಿಹೋನಿನಲ್ಲೂ ಅಂಥವರಿದ್ದರು. ತನ್ನ ದೇಶ ಮುಂದಿನ ಸುತ್ತಿಗೆ ಹೋಗುತ್ತಿದ್ದಾಗಲೇ ಜರ್ಮನಿಯ ಟಿ.ವಿ. ವೀಕ್ಷಕ ವಿವರಣೆಗಾರ ಎಬರ್‌ಹಾರ್ಡ್ ಸ್ಟಾನ್ಯೆಕ್ ಬೇಸತ್ತು ಆಟವನ್ನು ವಿವರಿಸಲು ಒಪ್ಪದೆ ಮೌನವಾದರು. ಆಸ್ಟ್ರಿಯಾದ ರಾಬರ್ಟ್ ಸೀಗರ್ ಟಿ.ವಿ. ಆರಿಸಿಬಿಡಿ ಎಂದು ವೀಕ್ಷಕರಿಗೆ ಹೇಳಿದರು. ಸ್ವಂತದವರ ವಿರುದ್ಧವಾದರೂ ಸತ್ಯವನ್ನೇ ನುಡಿಯಬೇಕೆಂದು ನಾವು ಬೋಧಿಸುತ್ತೇವೆ. ಅವರಿಬ್ಬರು ಅದನ್ನು ಮಾಡಿ ತೋರಿಸಿದರು.

ಈಗ ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಅಲ್ಜೀರಿಯಾ ಮುಸ್ಲಿಮರ ನಾಡು ಎಂಬ ಕಾರಣಕ್ಕೆ ನಮ್ಮ ಮನಸ್ಸು ಅದರತ್ತ ವಾಲುತ್ತಿದೆಯೇ? ಹಾಗಿದ್ದರೆ ನಮ್ಮ ಕೋಪಕ್ಕೆ ಬೆಲೆಯಿಲ್ಲ. ಮೈದಾನದಲ್ಲಿದ್ದ ಎರಡು ತಂಡಗಳು ನಮ್ಮವಾಗಿದ್ದು, ಹೊರಗೆ ಕುಳಿತು ಕಾಯುತ್ತಿದ್ದ ಮೂರನೆಯವರು ಬೇರೆಯವರಾಗಿದ್ದರೂ ಇದನ್ನೇ ಅನ್ಯಾಯವೆಂದು ಕರೆಯುವ ಧೈರ್ಯವಿದ್ದರೆ ಮಾತ್ರ ನಾವು ನ್ಯಾಯದ ಪಕ್ಷದವರು. ಇಲ್ಲವಾದರೆ ನಾವೂ ಒಂದು ತಂಡದ ಅಭಿಮಾನಿಗಳಷ್ಟೇ.

ಫಿಫಾ ಪಾಠ ಕಲಿಯಿತು. 1986ರ ವಿಶ್ವಕಪ್‌ನಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿ ಬಂತು. 48 ತಂಡಗಳ ವಿಶ್ವಕಪ್‌ಗೆ ಮೂರು ಮೂರು ತಂಡಗಳ ಗುಂಪುಗಳೆಂದು ಮೊದಲು ಯೋಚಿಸಿದ್ದನ್ನು 2023ರ ಮಾರ್ಚ್‌ನಲ್ಲಿ ಕೈಬಿಟ್ಟು, ನಾಲ್ಕು ನಾಲ್ಕು ತಂಡಗಳ 12 ಗುಂಪುಗಳೆಂದು ತೀರ್ಮಾನಿಸುವಾಗಲೂ ಇಂಥ ಹೊಂದಾಣಿಕೆಯ ಭಯ ಒಂದು ಕಾರಣವಾಗಿತ್ತು. ಇದು ಒಳ್ಳೆಯ ಕೆಲಸ. ಪ್ರಲೋಭನೆಯ ಬಾಗಿಲು ಮುಚ್ಚುವುದು ಕಾನೂನಿನ ಧರ್ಮ. ಆದರೆ ಬಾಗಿಲು ಮುಚ್ಚಿದರೆ ಮನಸ್ಸು ಶುದ್ಧವಾಗುತ್ತದೆಯೇ?

2018ರಲ್ಲಿ ರಷ್ಯಾದಲ್ಲಿ ಏನಾಯಿತು ನೋಡಿ. ಜೂನ್ 28ರಂದು ಜಪಾನ್ ಪೋಲೆಂಡಿನೆದುರು 0-1ರಿಂದ ಹಿಂದಿತ್ತು. ಅದೇ ಹೊತ್ತಿಗೆ ಇನ್ನೊಂದು ಊರಿನಲ್ಲಿ ಸೆನೆಗಲ್ ಕೊಲಂಬಿಯಾದೆದುರು 0-1ರಿಂದ ಹಿಂದಿತ್ತು. ಜಪಾನ್ ಮತ್ತು ಸೆನೆಗಲ್ ಅಂಕಗಳಲ್ಲೂ ಗೋಲುಗಳಲ್ಲೂ ಸಮ. ಆದರೆ ಜಪಾನಿಗೆ ಸಿಕ್ಕ ಹಳದಿ ಕಾರ್ಡುಗಳು 4, ಸೆನೆಗಲ್‌ಗೆ 6. ಸಭ್ಯ ಆಟಕ್ಕೆ ಮನ್ನಣೆ ನೀಡಲೆಂದು ಮಾಡಿದ ಆ ನಿಯಮವನ್ನೇ ನೆಚ್ಚಿಕೊಂಡು ಜಪಾನ್ ಕೊನೆಯ ನಿಮಿಷಗಳಲ್ಲಿ ಚೆಂಡನ್ನು ತನ್ನವರಲ್ಲೇ ಸುತ್ತಾಡಿಸುತ್ತಾ ಸೋಲನ್ನು ಕಾಪಾಡಿಕೊಂಡಿತು. ಗೆಲ್ಲುತ್ತಿದ್ದ ಪೋಲೆಂಡೂ ಸುಮ್ಮನಿತ್ತು. ಸೆನೆಗಲ್ ಹೊರಬಿತ್ತು. ಇದನ್ನು ಹಿಹೋನಿಗೆ ಸಮನೆಂದು ಹೇಳಲಾಗದು. ಸೆನೆಗಲ್‌ನ ಒಂದೇ ಗೋಲು ಜಪಾನಿನ ಲೆಕ್ಕವನ್ನು ತಲೆಕೆಳಗು ಮಾಡಬಹುದಿತ್ತು, ಸೆನೆಗಲ್‌ನ ಭವಿಷ್ಯ ಅದರ ಕಾಲಲ್ಲೂ ಇತ್ತು. ತರಬೇತುದಾರ ಅಕಿರಾ ನಿಶಿನೊ ಅದು ತನ್ನದೇ ತೀರ್ಮಾನವೆಂದು ಮರೆಮಾಚದೆ ಒಪ್ಪಿಕೊಂಡರು. ಆದರೂ ಪ್ರೇಕ್ಷಕರು ಧಿಕ್ಕಾರ ಕೂಗಿದರು. ನಿಯಮವನ್ನು ಎಷ್ಟೇ ಹೊಲಿದರೂ ಸಂದೊಂದು ಉಳಿದೇ ಇರುತ್ತದೆ.

ಅದಕ್ಕೆ ಹಿಂದಿನ ದಿನ ಇದಕ್ಕೆ ತೀರ ವಿರುದ್ಧವಾದ ಘಟನೆ ನಡೆದಿತ್ತು. ದಕ್ಷಿಣ ಕೊರಿಯಾ ಜರ್ಮನಿಯೊಡನೆ ಆಡುತ್ತಿತ್ತು. ಇತ್ತ ಸ್ವೀಡನ್ ಮೆಕ್ಸಿಕೊವನ್ನು 3-0ರಿಂದ ಸೋಲಿಸುತ್ತಿದ್ದುದರಿಂದ ಕೊರಿಯಾಕ್ಕೆ ಮುಂದೆ ಹೋಗುವ ದಾರಿ ಮುಚ್ಚಿತ್ತು. ಕೈಚೆಲ್ಲಿ ಕುಳಿತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ ಅವರು ಕೊನೆಯುಸಿರಿನವರೆಗೆ ಓಡಿದರು. ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದು ಗೆದ್ದರು. ಜರ್ಮನಿ ಹೊರಬಿತ್ತು, ಸೋತಿದ್ದ ಮೆಕ್ಸಿಕೊ ಮುಂದಿನ ಸುತ್ತಿಗೆ ಹೋಯಿತು. ಮೆಕ್ಸಿಕೊದ ಜನ ತಮ್ಮ ರಾಜಧಾನಿಯಲ್ಲಿರುವ ಕೊರಿಯಾದ ರಾಯಭಾರ ಕಚೇರಿಯ ಮುಂದೆ ಸೇರಿ ಕೃತಜ್ಞತೆ ಸಲ್ಲಿಸಿದರು. ತನಗೇನೂ ದಕ್ಕದಿದ್ದಾಗಲೂ ಮೂರನೆಯವನ ಅಮಾನತ್ತನ್ನು ಕಾಪಾಡುವುದೆಂದರೆ ಇದು.

ಓದುಗರೇ, ಇದು ಮೈದಾನದ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮಸೀದಿಯ ಅಂಗಡಿ ಕೋಣೆಗಳನ್ನು ಹರಾಜು ಹಾಕುವಾಗ ಇಬ್ಬರು ಕೂಗುಗಾರರು ಒಬ್ಬರನ್ನೊಬ್ಬರು ನೋಡಿ ಸುಮ್ಮನಾಗುತ್ತಾರೆ. ಹರಾಜಿನ ಷರತ್ತುಗಳಲ್ಲಿ ಒಂದೂ ಮುರಿಯುವುದಿಲ್ಲ, ಆ ಬಾಡಿಗೆಯಿಂದ ನೆರವು ಪಡೆಯಬೇಕಾದ ಅನಾಥ ಮಾತ್ರ ಅಲ್ಲಿರುವುದಿಲ್ಲ. ತಂದೆ ತೀರಿಕೊಂಡ ಮನೆಯಲ್ಲಿ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುತ್ತಾರೆ. ಗಂಡನ ಮನೆಯಲ್ಲಿರುವ ತಂಗಿಯ ಮುಂದೆ ಹಕ್ಕು ಬಿಡುಗಡೆ ಪತ್ರ ಹಿಡಿದು “ಇಲ್ಲೊಂದು ಸಹಿ ಹಾಕಮ್ಮಾ” ಎನ್ನುತ್ತಾರೆ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಲ್ಲಿ ಅವಳು ಸಹಿ ಹಾಕುತ್ತಾಳೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರು ಬೀಳುತ್ತದೆ. ಎಲ್ಲವೂ ಕ್ರಮಬದ್ಧ. ಆ ಅಣ್ಣತಮ್ಮಂದಿರಿಗೂ ಹಿಹೋನಿನ ಇಪ್ಪತ್ತೆರಡು ಮಂದಿಗೂ ಇರುವ ವ್ಯತ್ಯಾಸವೇನು? ಆಟದಲ್ಲಿ ಕಳೆದುಹೋದದ್ದು ಒಂದು ಸುತ್ತು. ಇಲ್ಲಿ ಕಳೆದುಹೋಗುವುದು ಅಲ್ಲಾಹನೇ ಗೊತ್ತುಮಾಡಿದ ಪಾಲು.

ಆದ್ದರಿಂದ ಇಬ್ಬರು ಸೇರಿ ಒಂದು ಮಾತಿಗೆ ಒಪ್ಪುವಾಗಲೆಲ್ಲ, ಆ ಮಾತು ಇಬ್ಬರಿಗೂ ತುಂಬ ಹಿತವಾಗಿ ಕಂಡಾಗಲಂತೂ, ಒಂದು ಕ್ಷಣ ತಡೆದು ಕೇಳಿಕೊಳ್ಳೋಣ: ಇಲ್ಲಿ ಇಲ್ಲದವನು ಯಾರು? ಅವನ ಪಾಲಿನದೇನಾದರೂ ನಮ್ಮ ಕೈಯಲ್ಲಿದೆಯೇ? ‘ನಿಯಮ ಮುರಿಯಲಿಲ್ಲ’ ಎಂಬ ಉತ್ತರ ರೆಫರಿಗೆ ಸಾಕು, ಕಚೇರಿಗೂ ಸಾಕು. ಮನದೊಳಗಿನದನ್ನು ಅರಿತವನ ಮುಂದೆ ನಿಂತಾಗ ಅದು ಸಾಲದು. ಮುಂದಿನ ವಿಶ್ವಕಪ್‌ನಲ್ಲಿ ಗುಂಪಿನ ಕೊನೆಯ ಪಂದ್ಯವನ್ನು ಮಕ್ಕಳೊಡನೆ ಕುಳಿತು ನೋಡುವಾಗ, ಯಾರು ಗೆದ್ದರೆಂದು ಕೇಳುವ ಜೊತೆಗೆ, ಅಲ್ಲಿ ಇಲ್ಲದವನಿಗೆ ಆಡಿದವರು ಕೊಟ್ಟ ಮಾತು ಉಳಿಯಿತೇ ಎಂದೂ ಅವರನ್ನು ಕೇಳಿ.