ಕೃಪಾಂಕವೂ ನ್ಯಾಯವೂ

ಕೃಪೆಯೆಂಬುದು ಎಣಿಕೆಗೆ ಸಿಕ್ಕುವ ವಸ್ತುವಲ್ಲ. ಅಂಕವೆಂಬುದಾದರೋ ಎಣಿಕೆಯೇ ಆಗಿದೆ. ಈ ಎರಡನ್ನೂ ಕೂಡಿಸಿ ಕೃಪಾಂಕವೆಂಬ ಒಂದು ಮಾತನ್ನು ವಿದ್ಯಾ ಇಲಾಖೆಯವರು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಒಂದೆರಡು ಅಂಕಗಳ ಕೊರತೆಯಿಂದ ಹುಡುಗನೊಬ್ಬನ ವರ್ಷವು ವ್ಯರ್ಥವಾಗದಿರಲೆಂದು ಹುಟ್ಟಿದ ಈ ಪದ್ಧತಿಯನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ 2024ನೆಯ ಇಸವಿಯಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದಾಗ, ಈ ಚಿಕ್ಕ ಮಾತಿನೊಳಗೆ ಎಷ್ಟು ದೊಡ್ಡ ಧರ್ಮಸೂಕ್ಷ್ಮವು ಅಡಗಿದೆಯೆಂಬುದು ಎಲ್ಲರಿಗೂ ಗೋಚರವಾಯಿತು.

ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನು ಇರಿಸಿ, ಅಲ್ಲಿ ನಡೆಯುವುದನ್ನು ದೂರದಿಂದಲೇ ನೋಡುವ ಏರ್ಪಾಡನ್ನು ಮಾಡಲಾಗಿತ್ತು. ಹಿಂದಿನ ವರ್ಷ, ಅಂದರೆ 2023ರಲ್ಲಿ, ನೂರಕ್ಕೆ 83.89ರಷ್ಟು ಮಂದಿ ತೇರ್ಗಡೆಯಾಗಿದ್ದರು. 2024ರಲ್ಲಿ ಈ ಸಂಖ್ಯೆಯು 73.40ಕ್ಕೆ ಇಳಿಯಿತು. ಅದಾದರೂ ಕೃಪೆಯನ್ನು ಬೆರೆಸಿದ ಮೇಲಿನ ಲೆಕ್ಕ. ಕೃಪಾಂಕವನ್ನು ಪಡೆಯಲು ಬೇಕಾಗಿದ್ದ ಅರ್ಹತೆಯನ್ನು ಶೇಕಡ 35ರಿಂದ 25ಕ್ಕೆ ಇಳಿಸಿ, ಕೊಡಬಹುದಾದ ಕೃಪಾಂಕದ ಮಿತಿಯನ್ನು ಶೇಕಡ 10ರಿಂದ 20ಕ್ಕೆ ಏರಿಸಿದುದರಿಂದಲೇ ಫಲಿತಾಂಶವು ಅಷ್ಟರ ಮಟ್ಟಿಗೆ ನಿಂತಿತು. ಇಲ್ಲವಾದರೆ ತೇರ್ಗಡೆಯಾಗುವವರು ನೂರಕ್ಕೆ ಐವತ್ತನಾಲ್ಕರ ಆಸುಪಾಸಿನಲ್ಲಿ ಉಳಿಯುತ್ತಿದ್ದರು. ಈ ಕ್ರಮವು ಸಾಕಷ್ಟು ಟೀಕೆಗೆ ಗುರಿಯಾಗಿ, ಮುಂದಿನ ವರ್ಷ ಹಿಂದೆಗೆಯಲ್ಪಟ್ಟಿತು. ಕ್ರಮವು ಹೋಯಿತು, ಪ್ರಶ್ನೆಯು ಉಳಿಯಿತು.

ದಯೆಯ ಪಕ್ಷದವರು ಹೇಳುವ ಮಾತು ಹಗುರವಾದುದಲ್ಲ. ಕಾವಲು ಬಿಗಿಯಾದುದು ಒಂದೇ ವರ್ಷದಲ್ಲಿ. ಪಾಠವು ಬಿಗಿಯಾದುದು ಯಾವಾಗ? ಗಣಿತಕ್ಕೆ ಉಪಾಧ್ಯಾಯರಿಲ್ಲದ ಹಳ್ಳಿಯ ಶಾಲೆಯಲ್ಲಿ ಕುಳಿತ ಹುಡುಗಿಗೂ, ಮನೆಯಲ್ಲಿಯೇ ಪಾಠ ಹೇಳಿಸಿಕೊಳ್ಳಬಲ್ಲ ಪಟ್ಟಣದ ಹುಡುಗನಿಗೂ ಪ್ರಶ್ನಪತ್ರಿಕೆಯೇನೋ ಒಂದೇ. ಆ ಹುಡುಗಿಯು ಅನುತ್ತೀರ್ಣಳಾದಳೆಂದರೆ ಅನೇಕ ಮನೆಗಳಲ್ಲಿ ಅವಳ ಓದು ಅಲ್ಲಿಗೆ ಮುಗಿದಂತೆಯೇ. ಮದುವೆಯ ಮಾತು ಆರಂಭವಾಗುತ್ತದೆ, ಇಲ್ಲವೆ ಕೂಲಿಯ ದಾರಿ ತೆರೆಯುತ್ತದೆ. ಹಿರಿಯರ ತಪ್ಪಿಗೆ ಮಕ್ಕಳು ದಂಡ ತೆರುವುದು ಯಾವ ನ್ಯಾಯ?

ಸತ್ಯದ ಪಕ್ಷದವರ ಮಾತೂ ಅಷ್ಟೇ ತೂಕವುಳ್ಳದ್ದು. ಅಂಕಪಟ್ಟಿಯು ಬಹುಮಾನವಲ್ಲ, ಸಾಕ್ಷ್ಯ. ಇಷ್ಟನ್ನು ಈ ವಿದ್ಯಾರ್ಥಿ ಕಲಿತಿರುವನೆಂದು ಸಮಾಜದ ಮುಂದೆ ನುಡಿಯುವ ಸಾಕ್ಷ್ಯ. ಅದನ್ನು ನಂಬಿ ಮುಂದಿನ ತರಗತಿಯ ಅಧ್ಯಾಪಕರು ಪಾಠವನ್ನು ಆರಂಭಿಸುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬುವವನು ಆ ವಿದ್ಯಾರ್ಥಿಯೇ. ಬೀಜಗಣಿತವು ತನಗೆ ಬರುತ್ತದೆಂದು ಪತ್ರವು ಹೇಳಿದುದನ್ನು ನೆಚ್ಚಿ ಅವನು ಪಿ.ಯು.ಸಿ.ಯಲ್ಲಿ ವಿಜ್ಞಾನಕ್ಕೆ ಸೇರುತ್ತಾನೆ; ಅಲ್ಲಿ ಎರಡು ವರ್ಷ ಏನೂ ತಿಳಿಯದೆ ಕುಳಿತು, ದೋಷವು ತನ್ನ ಬುದ್ಧಿಯದೇ ಎಂದು ನಿಶ್ಚಯಿಸಿಕೊಳ್ಳುತ್ತಾನೆ. ಸುಳ್ಳು ಅಂಕದಿಂದ ಮೊದಲು ಮೋಸಹೋಗುವವನು ಅದನ್ನು ಪಡೆದವನೇ ಹೊರತು ಇತರರಲ್ಲ.

ಹೀಗೆ ದಯೆಗೂ ಸತ್ಯಕ್ಕೂ ವಿರೋಧ ಬಂದಂತೆ ಕಾಣುವಲ್ಲಿ, ಕೊಡುವವನು ಯಾರೆಂಬುದನ್ನು ವಿಚಾರಿಸುವುದು ಒಳ್ಳೆಯದು. ಕೃಪೆಯನ್ನು ತೋರಿಸುವ ಅಧಿಕಾರವಿರುವುದು ಕೊಡಬೇಕಾದುದನ್ನೆಲ್ಲ ಕೊಟ್ಟು ತೀರಿಸಿದವನಿಗೆ. ಇಲ್ಲಿ ಹತ್ತು ವರ್ಷ ಪಾಠ ಹೇಳಿಸುವ ಹೊಣೆಯನ್ನು ಹೊತ್ತಿದ್ದವರು ಯಾರು? ಕಡ್ಡಾಯ ಶಿಕ್ಷಣದ 2009ರ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಗುವಿಗೆ ವಿದ್ಯೆಯು ಹಕ್ಕೆಂದು ಸಾರಿದೆ. ಹಕ್ಕು ಮಗುವಿನದಾದರೆ ಋಣವು ಸರ್ಕಾರದ್ದು, ಸಮಾಜದ್ದು. ಸಾಲಗಾರನು ಅಸಲನ್ನು ಕೊಡದೆ, ಸಾಲ ಕೊಟ್ಟವನ ಕೈಗೆ ನಾಲ್ಕು ಕಾಸನ್ನು ಹಾಕಿ ಅದನ್ನು ದಾನವೆಂದು ಕರೆದರೆ ಲೋಕವು ನಗುತ್ತದೆ. ಕಲಿಸದೆ ಬಿಟ್ಟ ಪಾಠಕ್ಕೆ ಪ್ರತಿಯಾಗಿ ಕೊಟ್ಟ ಇಪ್ಪತ್ತು ಅಂಕವು ಕೃಪೆಯ ಹೆಸರಿಗೆ ಅರ್ಹವಲ್ಲ. ಅದು ಋಣವನ್ನು ಮುಚ್ಚಿಡುವ ಉಪಾಯ. ಫಲಿತಾಂಶದ ಪಟ್ಟಿ ಹಸನಾಗಿ ಕಂಡರೆ ಪಾಠದ ಕೊರತೆಯನ್ನು ಕೇಳುವವರೇ ಇಲ್ಲದಂತಾಗುತ್ತದೆ.

ಹಾಗಾದರೆ ಸ್ವಲ್ಪವೂ ಸಡಿಲಿಸಬಾರದೆ? ಸಂತೆಯಲ್ಲಿ ಧಾನ್ಯವನ್ನು ಅಳೆದು ಕೊಡುವವನು ಸೇರನ್ನು ತುಂಬಿಸಿದ ಮೇಲೆ ಒಂದು ಹಿಡಿಯನ್ನು ಕೊಸರಾಗಿ ಹಾಕುತ್ತಾನೆ. ಕೊಸರಿನಿಂದ ಅಳತೆಯು ಕೆಡುವುದಿಲ್ಲ. ಅಳತೆಯಲ್ಲಿ ತನಗರಿಯದೆ ಆಗಿರಬಹುದಾದ ಕೊರತೆಯನ್ನು ಅದು ತುಂಬುತ್ತದೆ. ಒಂದೇ ಉತ್ತರಪತ್ರಿಕೆಯನ್ನು ಇಬ್ಬರು ಪರೀಕ್ಷಕರು ನೋಡಿದರೆ ನಾಲ್ಕಾರು ಅಂಕಗಳ ವ್ಯತ್ಯಾಸ ಬರುವುದುಂಟು. ಅಷ್ಟರ ಮಟ್ಟಿನ ಕೃಪಾಂಕವು ಕೊಸರೇ ಸರಿ. ಆದರೆ ಕೊಸರಿನ ಹೆಸರಿನಲ್ಲಿ ಸೇರನ್ನೇ ಚಿಕ್ಕದು ಮಾಡಿದರೆ, ಅದೂ ಅಳೆದು ಮುಗಿದ ಮೇಲೆ ಚಿಕ್ಕದು ಮಾಡಿದರೆ, ಅದು ಬೇರೆಯ ವ್ಯವಹಾರ. 2025–26ರ ಸಾಲಿಗೆ ತೇರ್ಗಡೆಯ ಮಿತಿಯನ್ನು ಒಟ್ಟಿನಲ್ಲಿ ಶೇಕಡ 33, ಒಂದೊಂದು ವಿಷಯದಲ್ಲಿ ಕನಿಷ್ಠ 30 ಎಂದು ಪರೀಕ್ಷೆಗೆ ಮುಂಚಿತವಾಗಿಯೇ ಪ್ರಕಟಿಸಲಾಯಿತು. ಅದು ಒಳ್ಳೆಯದೋ ಕೆಟ್ಟದ್ದೋ ವಾದಿಸಬಹುದು. ಎಲ್ಲರಿಗೂ ತಿಳಿದ ಅಳತೆಯಾದುದರಿಂದ ಅದನ್ನು ಸುಳ್ಳೆನ್ನಲಾಗದು. ಆದರೂ ಅಳತೆ ಇಳಿದುದರಿಂದ ವಿದ್ಯೆಯು ಒಂದು ಕಾಳಿನಷ್ಟೂ ಹೆಚ್ಚಲಿಲ್ಲವೆಂಬುದನ್ನು ಮರೆಯಬಾರದು.

2024ರಲ್ಲಿ, ಒಂದೇ ವರ್ಷದೊಳಗೆ ಮೂರು ಸಲ ಪರೀಕ್ಷೆಗೆ ಕುಳಿತು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವು ದೊರೆತುದು ಮೆಚ್ಚತಕ್ಕ ವಿಷಯ. ಇದು ಅಳತೆಯನ್ನು ಕೆಡಿಸದೆ ಕಾಲವನ್ನು ಕೊಡುವ ದಯೆ. ಆದರೆ ಪರೀಕ್ಷೆಗಳ ನಡುವೆ ಪಾಠವಿಲ್ಲದಿದ್ದರೆ ಅದೂ ನಿಷ್ಫಲ. ತಕ್ಕಡಿಯಲ್ಲಿ ಮೂರು ಸಲ ಇಟ್ಟ ಮಾತ್ರಕ್ಕೆ ಧಾನ್ಯದ ತೂಕವು ಏರುವುದಿಲ್ಲ.

ಶಾಲೆಗಳು ಸುಧಾರಿಸುವವರೆಗೆ ಈಗಿನ ಮಗುವು ಕಾದಿರಬೇಕೆ ಎಂಬ ಆಕ್ಷೇಪಕ್ಕೆ ಉತ್ತರವನ್ನು ಹೇಳಲೇಬೇಕು. ಕಾಯಬೇಕಾಗಿಲ್ಲ. ಬಾಗಿಲನ್ನು ತೆರೆಯುವುದು ಬೇರೆ, ಅಂಕವನ್ನು ತಿದ್ದುವುದು ಬೇರೆ. ಗಣಿತದಲ್ಲಿ ಇಪ್ಪತ್ತಾರು ಬಂದವಳಿಗೆ ಇಪ್ಪತ್ತಾರೆಂದೇ ಬರೆದುಕೊಟ್ಟು, ಗಣಿತವು ಬೇಕಿಲ್ಲದ ಮುಂದಿನ ಓದಿಗೋ ಕಸಬಿಗೋ ಅವಳನ್ನು ಸೇರಿಸಿಕೊಳ್ಳಬಹುದು. ಅದನ್ನು ಕಲಿಯುವ ಇಚ್ಛೆಯಿದ್ದರೆ ಕಲಿಸುವ ಭಾರವನ್ನು ಸರ್ಕಾರವು ಹೊರಬಹುದು. ಆಗ ಸತ್ಯಕ್ಕೆ ಭಂಗವಿಲ್ಲ, ಮಗುವಿನ ಮುಂದಿನ ದಾರಿಗೆ ಅಡ್ಡಿಯಿಲ್ಲ, ಋಣವು ಎಷ್ಟು ಬಾಕಿಯಿದೆಯೆಂಬುದೂ ಬಹಿರಂಗವಾಗಿರುತ್ತದೆ. ಇದಕ್ಕೆ ಹಣ ಬೇಕು, ಉಪಾಧ್ಯಾಯರು ಬೇಕು, ತಾಳ್ಮೆ ಬೇಕು. ಅಂಕಕ್ಕಾದರೋ ಲೇಖನಿಯ ಒಂದು ಗೀಟು ಸಾಕು. ಸುಲಭವಾದುದನ್ನು ದಯೆಯೆಂದು ಕರೆದು ಕಷ್ಟವಾದುದನ್ನು ಮುಂದಕ್ಕೆ ಹಾಕುವ ಅಭ್ಯಾಸವನ್ನು ಬಿಡುವುದು ಮಕ್ಕಳಿಗಿಂತ ಮೊದಲು ಹಿರಿಯರು ತೇರ್ಗಡೆಯಾಗಬೇಕಾದ ಪರೀಕ್ಷೆ.